ಕೋರಂ ಆಯಿತೇ?



ನಿಮ್ಮೂರಿನ ಸಹಕಾರ ಸಂಘದಲ್ಲಿ ನಿಮಗೊಂದು ಷೇರು ಇದ್ದರೆ, ವರ್ಷಕ್ಕೊಮ್ಮೆ ಮನೆಗೆ ಒಂದು ಕಿರುಹೊತ್ತಿಗೆ ಬರುತ್ತದೆ. ವಾರ್ಷಿಕ ಸರ್ವಸದಸ್ಯರ ಸಭೆಯ ತಿಳಿವಳಿಕೆ. ಮುಖಪುಟದಲ್ಲಿ ಅಧ್ಯಕ್ಷರ ಭಾವಚಿತ್ರ, ಒಳಗೆ ಜಮಾಖರ್ಚು, ಲಾಭ-ನಷ್ಟ. ಕೊನೆಯಲ್ಲಿ, ಸಣ್ಣ ಅಕ್ಷರದಲ್ಲಿ, ಸಾಮಾನ್ಯವಾಗಿ ಒಂದು ಸೂಚನೆ. ನಿಗದಿತ ವೇಳೆಗೆ ಕೋರಂ ಆಗದಿದ್ದಲ್ಲಿ ಸಭೆಯನ್ನು ಅರ್ಧ ಗಂಟೆ ಮುಂದೂಡಿ ಅದೇ ಜಾಗದಲ್ಲಿ ನಡೆಸಲಾಗುವುದು, ಆ ಸಭೆಗೆ ಕೋರಂ ಬೇಕಾಗಿಲ್ಲ ಎಂದು. ಹತ್ತೂವರೆಗೆ ಕರೆದ ಸಭೆ ಹನ್ನೊಂದಕ್ಕೆ ಶುರುವಾಗುತ್ತದೆ ಎಂಬುದು ಹಳೆಯ ಸದಸ್ಯರಿಗೆಲ್ಲ ಗೊತ್ತು. ಹಾಗಾಗಿ ಅವರು ಹನ್ನೊಂದಕ್ಕೇ ಬರುತ್ತಾರೆ. ಅವರು ಹನ್ನೊಂದಕ್ಕೆ ಬರುವುದರಿಂದ ಹತ್ತೂವರೆಗೆ ಕೋರಂ ಆಗುವುದಿಲ್ಲ. ಕೋರಂ ಆಗದ ಕಾರಣ ಸಭೆ ಹನ್ನೊಂದಕ್ಕೆ ಹೋಗುತ್ತದೆ. ವರ್ಷ ವರ್ಷವೂ ಈ ಚಕ್ರ ತಪ್ಪದೆ ತಿರುಗುತ್ತದೆ.

ಇಂಗ್ಲಿಷಿನವರ ಸಭೆಯ ಮಾತುಗಳು ನಮ್ಮಲ್ಲಿ ಎಷ್ಟೋ ಬಂದು ನೆಲೆಯೂರಿವೆ. ಅಜೆಂಡಾ, ಮಿನಿಟ್ಸು, ಪಾಯಿಂಟ್ ಆಫ್ ಆರ್ಡರ್. ಆದರೆ ‘ಕೋರಂ ಇಲ್ಲ’ ಎಂಬಷ್ಟು ಸಲೀಸಾಗಿ ಕನ್ನಡವಾದದ್ದು ಕಡಿಮೆ. ಪತ್ರಿಕೆಗಳಿಗಂತೂ ‘ಕೋರಂ ಕೊರತೆ’ ಎಂಬುದು ಪ್ರಾಸ ಸಮೇತ ಸಿಕ್ಕಿದ ತಲೆಬರಹ. ಸಂಜೆ ನಾಲ್ವರು ಗೆಳೆಯರು ಇಸ್ಪೀಟಿಗೆ ಕೂತರೂ ಒಬ್ಬರು ಕೇಳುತ್ತಾರೆ: ಕೋರಂ ಆಯ್ತೇನ್ರಪ್ಪ? ಅಂದರೆ, ಆಟಕ್ಕೆ ಬೇಕಾದಷ್ಟು ಜನ ಸೇರಿದರೆ? ನಮಗೆ ಕೋರಂ ಎಂದರೆ ಒಂದು ಸಂಖ್ಯೆ. ತಲೆ ಎಣಿಸಿದರೆ ಮುಗಿಯಿತು.

ವಿಚಿತ್ರವೆಂದರೆ, ಈ ಮಾತು ಹುಟ್ಟಿದಾಗ ಅದರಲ್ಲಿ ಸಂಖ್ಯೆಯ ಸುಳಿವೇ ಇರಲಿಲ್ಲ.

ಲ್ಯಾಟಿನ್ನಿನಲ್ಲಿ ಇದರ ಮೂಲವಾದ ‘ಕ್ವೋರಂ’ ಎಂಬುದು ಸ್ವತಂತ್ರ ನಾಮಪದವೂ ಅಲ್ಲ, ವಿಭಕ್ತಿ ಹಚ್ಚಿದ ಒಂದು ಸರ್ವನಾಮ. ‘ಯಾರ ಪೈಕಿ’ ಎಂದಷ್ಟೇ ಅದರ ಅರ್ಥ. ಸಭೆ ಎಂದಾಗಲಿ, ಹಾಜರಿ ಎಂದಾಗಲಿ ಅದು ಹೇಳುವುದಿಲ್ಲ. ಇಂಥ ಬಿಡಿ ತುಣುಕು ಸಭೆಯ ಜೀವಾಳವಾಗಿ ಕೂತದ್ದು ಹೇಗೆ ಎಂದು ತಿಳಿಯಲು ಹದಿನಾಲ್ಕನೇ ಶತಮಾನದ ಇಂಗ್ಲೆಂಡಿಗೆ ಹೋಗಬೇಕು.

ಅಲ್ಲಿ ಜಿಲ್ಲೆ ಜಿಲ್ಲೆಗೂ ರಾಜನು ಕೆಲವರನ್ನು ಶಾಂತಿಪಾಲಕರನ್ನಾಗಿ ನೇಮಿಸುತ್ತಿದ್ದ. ಜಸ್ಟಿಸ್ ಆಫ್ ದಿ ಪೀಸ್ ಎಂದು ಅವರ ಹೆಸರು. ಈ ವ್ಯವಸ್ಥೆಗೆ ಗಟ್ಟಿ ರೂಪ ಕೊಟ್ಟದ್ದು 1361ರ ಕಾಯಿದೆ. ಪ್ರತಿ ಜಿಲ್ಲೆಯಲ್ಲೂ ಒಬ್ಬ ಪ್ರಭು, ಅವನ ಜೊತೆಗೆ ಮೂವರೋ ನಾಲ್ವರೋ ಗಣ್ಯರು, ಮತ್ತೆ ಕಾನೂನು ಬಲ್ಲ ಕೆಲವರು ಇರಬೇಕೆಂದು ಅದು ಹೇಳಿತು. ಪ್ರಭುಗಳಿಗೂ ಗಣ್ಯರಿಗೂ ಜಮೀನಿತ್ತು, ಕುದುರೆಗಳಿದ್ದವು, ಊರಲ್ಲಿ ಮಾತು ನಡೆಯುತ್ತಿತ್ತು. ಕಾನೂನು ಮಾತ್ರ ಅಷ್ಟಕ್ಕಷ್ಟೆ. ಒಬ್ಬನನ್ನು ನೇಣಿಗೇರಿಸುವ ಅಧಿಕಾರವುಳ್ಳ ಪೀಠದಲ್ಲಿ ಬರೀ ಜಮೀನ್ದಾರರೇ ಕೂತರೆ ಏನಾದೀತು ಎಂಬ ಅಳುಕು ರಾಜನ ಕಚೇರಿಗೆ ಇದ್ದೇ ಇತ್ತು. ಅದಕ್ಕೆ ನೇಮಕದ ಆಜ್ಞಾಪತ್ರದಲ್ಲೇ ಒಂದು ಷರತ್ತು ಸೇರಿಸಿದರು. ಎಲ್ಲರ ಹೆಸರೂ ಬರೆದ ಮೇಲೆ, ‘ಇವರ ಪೈಕಿ ಇಂಥಿಂಥವರಲ್ಲಿ ಒಬ್ಬರಾದರೂ ಇರಬೇಕೆಂಬುದು ನಮ್ಮ ಇಚ್ಛೆ’ ಎಂದು. ಆಜ್ಞಾಪತ್ರ ಲ್ಯಾಟಿನ್ನಿನಲ್ಲಿತ್ತು. ಆ ‘ಯಾರ ಪೈಕಿ’ಯಿಂದಲೇ ಷರತ್ತು ಮೊದಲಾಗುತ್ತಿತ್ತು. ನಾವು ಕೀರ್ತನೆಗಳನ್ನು ಅವುಗಳ ಮೊದಲ ಮಾತಿನಿಂದಲೇ ಗುರುತಿಸುವ ಹಾಗೆ, ಕಚೇರಿಯ ಗುಮಾಸ್ತರು ಆ ಷರತ್ತನ್ನು ಅದರ ಮೊದಲ ಪದದಿಂದ ಕರೆದರು. ಷರತ್ತಿನ ಹೆಸರು ಅದರಲ್ಲಿ ಹೆಸರಿಸಿದ ಮನುಷ್ಯರಿಗೂ ಅಂಟಿತು. ಅವರು ‘ಕೋರಂನವರು’ ಆದರು.

ಅಂದರೆ ಹತ್ತು ಮಂದಿ ಸೇರಿದ್ದರೂ, ಆ ಹತ್ತರಲ್ಲಿ ಕೋರಂನವನು ಒಬ್ಬನೂ ಇಲ್ಲದಿದ್ದರೆ ಪೀಠ ಕೂಡುವಂತಿಲ್ಲ. ಎಷ್ಟು ಜನ ಬಂದಿದ್ದಾರೆ ಎಂದು ಯಾರೂ ಕೇಳುತ್ತಿರಲಿಲ್ಲ. ಯಾರು ಬಂದಿದ್ದಾರೆ ಎಂದು ಕೇಳುತ್ತಿದ್ದರು.

ಕೋರಂನವನಾಗುವುದು ಆಗ ದೊಡ್ಡಸ್ತಿಕೆಯ ವಿಷಯ. ಷೇಕ್ಸ್‌ಪಿಯರನ ‘ದಿ ಮೆರಿ ವೈವ್ಸ್ ಆಫ್ ವಿಂಡ್ಸರ್’ ನಾಟಕದ ಮೊದಲ ದೃಶ್ಯದಲ್ಲೇ ಶ್ಯಾಲೋ ಎಂಬ ಮುದಿ ನ್ಯಾಯಾಧಿಕಾರಿಯ ಬಗ್ಗೆ ಅವನ ಬಂಧು ಸ್ಲೆಂಡರ್ ಜಂಬ ಕೊಚ್ಚುತ್ತಾನೆ. ನಮ್ಮವರು ಶಾಂತಿಪಾಲಕರಷ್ಟೇ ಅಲ್ಲ, ಕೋರಂನವರು ಎಂಬ ಅರ್ಥದಲ್ಲಿ. ಲ್ಯಾಟಿನ್ ತಿಳಿಯದ ಆ ಹುಂಬ ‘ಕ್ವೋರಂ’ ಎನ್ನಬೇಕಾದಲ್ಲಿ ‘ಕೋರಂ’ ಎಂದುಬಿಡುತ್ತಾನೆ. ಆ ತಪ್ಪು ಉಚ್ಚಾರಕ್ಕೆ ಅಂದಿನ ಪ್ರೇಕ್ಷಕರು ನಗಬೇಕಿತ್ತು. ಅದನ್ನೇ ನಾವು ಇಂದು ಸಂಕೋಚವಿಲ್ಲದೆ ಕನ್ನಡದಲ್ಲಿ ಬರೆಯುತ್ತಿದ್ದೇವೆ. ಇನ್ನೊಂದು ಸ್ವಾರಸ್ಯವಿದೆ. ಸ್ಲೆಂಡರ್ ಆಡಿದ ‘ಕೋರಂ’ ಕೂಡ ಲ್ಯಾಟಿನ್ನಿನಲ್ಲಿ ಬೇರೆಯದೇ ಒಂದು ಪದ, ‘ಸಮಕ್ಷಮ’ ಎಂದು ಅದರ ಅರ್ಥ. ನಮ್ಮ ಉಚ್ಚ ನ್ಯಾಯಾಲಯಗಳ ತೀರ್ಪಿನ ನೆತ್ತಿಯ ಮೇಲೆ ನ್ಯಾಯಮೂರ್ತಿಗಳ ಹೆಸರಿಗೆ ಮುಂಚೆ ಅಚ್ಚಾಗುವುದು ಆ ಇನ್ನೊಂದು ಕೋರಂ. ಕನ್ನಡ ಲಿಪಿಯಲ್ಲಿ ಎರಡೂ ಒಂದೇ ಆಗಿ ಕೂತಿವೆ. ವಕೀಲರಿಗಂತೂ ದಿನಾ ಎರಡರ ಜೊತೆಯೂ ವ್ಯವಹಾರ.

ಗೌರವದ ಪಟ್ಟಿ ಎಂದ ಮೇಲೆ ಅದರೊಳಗೆ ನುಗ್ಗುವವರು ಇಲ್ಲದೆ ಇರುತ್ತಾರೆಯೇ? ನನ್ನ ಹೆಸರೂ ಇರಲಿ, ನನ್ನ ಅಳಿಯನದೂ ಇರಲಿ. ಪಟ್ಟಿ ಬೆಳೆಯುತ್ತಾ ಹೋಯಿತು. ಹದಿನೆಂಟನೇ ಶತಮಾನದ ಹೊತ್ತಿಗೆ ಹೆಚ್ಚುಕಡಿಮೆ ಎಲ್ಲ ಶಾಂತಿಪಾಲಕರೂ ಕೋರಂನವರೇ. ಎಲ್ಲರೂ ವಿಶೇಷರಾದ ಮೇಲೆ ವಿಶೇಷವೇನು ಉಳಿಯಿತು? ಪದ ಉಳಿಯಿತು, ಅದರೊಳಗಿದ್ದ ‘ಯಾರು’ ಸವೆದುಹೋಯಿತು.

ಇತ್ತ ಲಂಡನ್ನಿನ ಪಾರ್ಲಿಮೆಂಟು ತನಗೆ ಬೇಕಾದ ಲೆಕ್ಕವನ್ನು ಮೊದಲೇ ಮಾಡಿಕೊಂಡಿತ್ತು. 1641ರ ಜನವರಿಯಲ್ಲಿ ಹೌಸ್ ಆಫ್ ಕಾಮನ್ಸ್, ಸಭಾಧ್ಯಕ್ಷರೂ ಸೇರಿ ನಲವತ್ತು ಜನ ಇಲ್ಲದೆ ಕಲಾಪ ನಡೆಯಕೂಡದೆಂದು ಗೊತ್ತುಮಾಡಿತು. ಇಂದಿಗೆ ಅಲ್ಲಿ 650 ಸದಸ್ಯರಿದ್ದಾರೆ, ನಲವತ್ತು ನಲವತ್ತೇ ಆಗಿದೆ. ಮೇಲ್ಮನೆಯಾದ ಹೌಸ್ ಆಫ್ ಲಾರ್ಡ್ಸ್ ಇನ್ನೂ ಉದಾರಿ, ಅಲ್ಲಿ ಮೂವರು ಕೂತರೆ ಸಾಕು. ನೂರಾರು ಪ್ರಭುಗಳಿರುವ ಸದನಕ್ಕೆ ಮೂರೇ ಜನ! ಮಸೂದೆಯ ಮೇಲೆ ಮತ ಹಾಕುವಾಗ ಮಾತ್ರ ಮೂವತ್ತು ಮಂದಿ ಬೇಕು.

ಪದ ಲ್ಯಾಟಿನ್ನಿನದಾದರೂ, ರೋಮನ್ನರು ತಮ್ಮ ಸೆನೆಟ್ಟಿನಲ್ಲಿ ಅದನ್ನು ಈ ಅರ್ಥದಲ್ಲಿ ಬಳಸಿದವರಲ್ಲ. ಪದ್ಧತಿ ಮಾತ್ರ ಅವರಲ್ಲಿತ್ತು. ಕ್ರಿಸ್ತಪೂರ್ವ 186ರಲ್ಲಿ ಮದ್ಯದೇವತೆಯ ಗುಪ್ತಪೂಜೆಗಳನ್ನು ಹತ್ತಿಕ್ಕಲು ಸೆನೆಟ್ ಹೊರಡಿಸಿದ ಕಟ್ಟಳೆ ಕಂಚಿನ ಫಲಕದ ಮೇಲೆ ಉಳಿದುಬಂದಿದೆ. ಅಂಥ ಪೂಜೆಗೆ ಅನುಮತಿ ಕೊಡುವುದಿದ್ದರೆ ನೂರು ಸೆನೆಟರುಗಳಿಗಿಂತ ಕಡಿಮೆಯಿರಬಾರದು ಎಂದು ಅದರಲ್ಲಿದೆ. ನಿರ್ಣಯ ಆಗಬಾರದೆಂದು ಬಯಸುವ ಸೆನೆಟರನೊಬ್ಬ ಎದ್ದು ‘ಎಣಿಸಿ’ ಎಂದರಾಯಿತು, ಅಧ್ಯಕ್ಷ ಎಣಿಸಬೇಕಿತ್ತು. ವಿರೋಧಿಸಲು ಭಾಷಣವೇ ಬೇಕಾಗಿಲ್ಲ, ಒಂದು ಮಾತು ಸಾಕು.

ಸಂಖ್ಯೆ ಎಂದಾದ ಕೂಡಲೇ ಅದನ್ನು ಕೆಡಿಸುವ ಕಲೆಯೂ ಹುಟ್ಟಿತು. ಸೋಲುತ್ತೇವೆಂದು ಗೊತ್ತಿದ್ದವರು ಸಭೆಗೆ ಬಂದು ಸೋಲುವುದೇಕೆ? ಬಾರದೆ ಇದ್ದರೆ ಸಭೆಯೇ ಇಲ್ಲ. ಈ ಕಲೆಯಲ್ಲಿ ಅಮೆರಿಕದವರನ್ನು ಮೀರಿಸಿದವರಿಲ್ಲ. 1840ರ ಡಿಸೆಂಬರ್. ಇಲಿನಾಯ್ ರಾಜ್ಯದ ರಾಜಧಾನಿ ಸ್ಪ್ರಿಂಗ್‌ಫೀಲ್ಡಿನಲ್ಲಿ ಶಾಸನಸಭೆಯ ಕಟ್ಟಡ ಇನ್ನೂ ಮುಗಿದಿರಲಿಲ್ಲ, ಸಭೆ ಒಂದು ಚರ್ಚಿನಲ್ಲಿ ಕೂಡಿತ್ತು. ಅಧಿವೇಶನ ಮುಗಿದರೆ ರಾಜ್ಯದ ಬ್ಯಾಂಕು ತನ್ನ ನೋಟುಗಳಿಗೆ ಬೆಳ್ಳಿ-ಬಂಗಾರದ ನಾಣ್ಯ ತೆತ್ತು ದಿವಾಳಿಯಾದೀತೆಂಬ ಭಯ ವಿಗ್ ಪಕ್ಷದವರಿಗೆ. ಅಧಿವೇಶನ ಮುಗಿಯದಂತೆ ನೋಡಿಕೊಳ್ಳಲು ಅವರು ಹೊರಗುಳಿದರು. ಏನಾಗುತ್ತದೆಂದು ನೋಡಿಕೊಳ್ಳಲು ಇಬ್ಬರು ಮೂವರು ಒಳಗಿದ್ದರು, ಅವರಲ್ಲೊಬ್ಬ ಮೂವತ್ತೊಂದರ ವಯಸ್ಸಿನ ಏಬ್ರಹಾಂ ಲಿಂಕನ್. ಎದುರಾಳಿಗಳು ಅವರಿವರನ್ನು ಹಿಡಿದು ತಂದು ಕೂರಿಸುತ್ತಿದ್ದಂತೆ ಲೆಕ್ಕ ತುಂಬಿಬಿಡುವ ಹಾಗೆ ಕಂಡಿತು. ಲಿಂಕನ್ ಬಾಗಿಲಿಗೆ ಹೋಗಿ ನೋಡಿದರೆ ಅದನ್ನು ಹಾಕಿಬಿಟ್ಟಿದ್ದಾರೆ. ಕೊನೆಗೆ ಅವನೂ ಜೊತೆಗಾರರೂ ಕಿಟಕಿಯಿಂದ ಹೊರಕ್ಕೆ ಹಾರಿದರು. ಅಷ್ಟರಲ್ಲಿ ಅವರ ಹೆಸರು ಹಾಜರಿಯಲ್ಲಿ ಸೇರಿಹೋಗಿತ್ತು, ಹಾರಿದ್ದು ವ್ಯರ್ಥ. ಲಿಂಕನ್ನನ ಕಾಲು ಬಲು ಉದ್ದ, ಅದು ಹಾರಿದ್ದೇನಲ್ಲ, ಸುಮ್ಮನೆ ಕಾಲು ಕೆಳಗಿಟ್ಟದ್ದು ಎಂದು ಎದುರು ಪಕ್ಷದವರು ಆಡಿಕೊಂಡರು. ಮುಂದೆ ರಾಷ್ಟ್ರಾಧ್ಯಕ್ಷನಾದ ಲಿಂಕನ್ನನಿಗೆ ಈ ಪ್ರಸಂಗ ನೆನೆಸಿಕೊಳ್ಳುವುದು ಇಷ್ಟವಿರಲಿಲ್ಲವಂತೆ. ನನಗಂತೂ ಸ್ಮಾರಕದೊಳಗಿನ ಅಮೃತಶಿಲೆಯ ಲಿಂಕನ್ನನಿಗಿಂತ ಈ ಕಿಟಕಿಯ ಲಿಂಕನ್ನನೇ ಹತ್ತಿರದವನು.

ಟೆಕ್ಸಾಸಿನಲ್ಲಿ ಈ ವಿದ್ಯೆ ಇವತ್ತಿಗೂ ಜೀವಂತ. ಅಲ್ಲಿನ ಕೆಳಮನೆಯ 150 ಸದಸ್ಯರಲ್ಲಿ ನೂರು ಮಂದಿ ಬೇಕೇ ಬೇಕು. 2003ರಲ್ಲಿ ಡೆಮಾಕ್ರಟಿಕ್ ಶಾಸಕರು ಗಡಿ ದಾಟಿ ಪಕ್ಕದ ಒಕ್ಲಹೋಮಾ ರಾಜ್ಯದ ಹೋಟೆಲಿನಲ್ಲಿ ಬೀಡುಬಿಟ್ಟರು. ರಾಜ್ಯದ ಪೊಲೀಸರ ಕೈ ಗಡಿಯಾಚೆ ಚಾಚದಲ್ಲ! 2021ರಲ್ಲಿ ವಿಮಾನ ಹತ್ತಿ ವಾಷಿಂಗ್ಟನ್ನಿಗೆ ಹೋದರು. 2025ರಲ್ಲಿ ಹಲವರು ಓಡಿಹೋದದ್ದು ಲಿಂಕನ್ ಕಿಟಕಿ ಹಾರಿದ ಅದೇ ಇಲಿನಾಯ್ ರಾಜ್ಯಕ್ಕೆ. ನಮ್ಮ ಪಂಚಾಯಿತಿಗಳಲ್ಲಿ ಅವಿಶ್ವಾಸದ ಸಭೆ ಗೊತ್ತಾದ ವಾರ ಸದಸ್ಯರಿಗೆ ಇದ್ದಕ್ಕಿದ್ದಂತೆ ತೀರ್ಥಯಾತ್ರೆ ಮಾಡಬೇಕೆನಿಸುತ್ತದಲ್ಲ, ಅದೂ ಇದೇ ಶಾಸ್ತ್ರ.

ಓಡಿಹೋಗದೆ ಕೂತಲ್ಲೇ ಮಾಯವಾಗುವ ಉಪಾಯವೂ ಒಂದಿತ್ತು. ವಾಷಿಂಗ್ಟನ್ನಿನ ಕೆಳಮನೆಯಲ್ಲಿ ಹೆಸರು ಕೂಗಿದಾಗ ಉತ್ತರ ಕೊಡದೆ ಸುಮ್ಮನಿದ್ದರೆ ಆ ಸದಸ್ಯ ಇಲ್ಲವೆಂದೇ ಲೆಕ್ಕ. ಎದುರಿಗೆ ಕಾಲು ಚಾಚಿ ಕೂತಿದ್ದಾನೆ, ಕಡತದಲ್ಲಿ ಗೈರುಹಾಜರು. 1890ರ ಜನವರಿಯಲ್ಲಿ ಸಭಾಧ್ಯಕ್ಷ ಥಾಮಸ್ ಬ್ರ್ಯಾಕೆಟ್ ರೀಡ್ ಈ ಆಟ ನಿಲ್ಲಿಸಿದ. ಬಾಯಿ ಬಿಡದವರ ಹೆಸರನ್ನೂ ತಾನೇ ಓದಿ ಹಾಜರಿ ಹಾಕಿಸಿದ. ಕೆಂಟಕಿಯ ಸದಸ್ಯನೊಬ್ಬ ಎದ್ದು ನಿಂತು, ನನ್ನನ್ನು ಹಾಜರೆಂದು ಎಣಿಸಲು ನಿಮಗೆ ಹಕ್ಕಿಲ್ಲ ಎಂದು ಕೂಗಿದ. ಸದಸ್ಯರು ಇಲ್ಲಿದ್ದಾರೆ ಎಂದಷ್ಟೇ ನಾನು ಹೇಳುತ್ತಿದ್ದೇನೆ, ಅದನ್ನು ಅವರು ಅಲ್ಲಗಳೆಯುತ್ತಾರೋ ಎಂದು ರೀಡ್ ಕೇಳಿದ. ಇದಕ್ಕೇನು ಉತ್ತರ ಹೇಳುವುದು? 1892ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟೂ ರೀಡನ ಲೆಕ್ಕವನ್ನೇ ಎತ್ತಿಹಿಡಿಯಿತು.

ಇನ್ನು ನಮ್ಮ ಕಡೆಗೆ ಬರೋಣ. 1949ರ ನವೆಂಬರ್ 25ರಂದು, ಸಂವಿಧಾನವನ್ನು ಅಂಗೀಕರಿಸುವ ಮುನ್ನಾದಿನ, ಡಾ. ಅಂಬೇಡ್ಕರ್ ಸಂವಿಧಾನ ಸಭೆಯಲ್ಲಿ ಒಂದು ದೀರ್ಘ ಭಾಷಣ ಮಾಡಿದರು. ಭಾರತಕ್ಕೆ ಸಂಸದೀಯ ಪದ್ಧತಿ ಹೊಸದೇನಲ್ಲ, ಬೌದ್ಧ ಸಂಘಗಳು ಅದನ್ನು ಬಲ್ಲವಾಗಿದ್ದವು ಎಂದು ಅವರು ಅಂದು ನೆನಪಿಸಿದರು. ಆಸನ ವ್ಯವಸ್ಥೆ, ಪ್ರಸ್ತಾವ, ನಿರ್ಣಯ, ಮತಗಳ ಎಣಿಕೆ ಎಲ್ಲಕ್ಕೂ ಅಲ್ಲಿ ನಿಯಮಗಳಿದ್ದವು. ಕೋರಂ ಕೂಡ ಆ ಪಟ್ಟಿಯಲ್ಲಿತ್ತು.

ಅವರು ಒಂದೇ ಮಾತಿನಲ್ಲಿ ಹೇಳಿ ಮುಂದೆ ಹೋದದ್ದನ್ನು ಸ್ವಲ್ಪ ನಿಂತು ನೋಡಬೇಕು. ಭಿಕ್ಷುಗಳ ನಿಯಮಗ್ರಂಥವಾದ ವಿನಯಪಿಟಕದ ಮಹಾವಗ್ಗದಲ್ಲಿ ಸಂಘಕರ್ಮಗಳಿಗೆ ಎಷ್ಟೆಷ್ಟು ಭಿಕ್ಷುಗಳು ಬೇಕೆಂಬ ಲೆಕ್ಕವಿದೆ. ಬಹುತೇಕ ಕೆಲಸಗಳಿಗೆ ನಾಲ್ವರು ಸಾಕು. ಮಳೆಗಾಲದ ವಾಸ ಮುಗಿದಾಗ ನಡೆಯುವ ಪವಾರಣಕ್ಕೆ ಐವರು. ಹೊಸಬನಿಗೆ ಉಪಸಂಪದೆ, ಅಂದರೆ ಪೂರ್ಣ ದೀಕ್ಷೆ, ಕೊಡಲು ಹತ್ತು ಮಂದಿ. ದೊಡ್ಡ ತಪ್ಪು ಮಾಡಿ ಪ್ರಾಯಶ್ಚಿತ್ತ ಮುಗಿಸಿದವನನ್ನು ಮತ್ತೆ ಒಳಗೆ ಕರೆದುಕೊಳ್ಳಲು ಇಪ್ಪತ್ತು ಮಂದಿ. ಕ್ಷಮಿಸುವುದಕ್ಕೆ ಎಲ್ಲಕ್ಕಿಂತ ಹೆಚ್ಚು ಜನ ಬೇಕು ಎಂಬುದನ್ನು ಗಮನಿಸಿ. ಯಾರ ವಿಷಯದಲ್ಲಿ ಸಂಘ ತೀರ್ಮಾನ ಮಾಡುತ್ತಿದೆಯೋ ಅವನನ್ನೇ ನಾಲ್ಕನೆಯವನೆಂದು ಎಣಿಸಿ ಸಂಖ್ಯೆ ತುಂಬಿಸಿದರೆ ಆ ಕರ್ಮ ನಡೆಯಲೇ ಇಲ್ಲವೆಂದು ತಿಳಿಯಬೇಕು. ಸಂಖ್ಯೆ ತುಂಬಲು ಹೋಗುವ ಭಿಕ್ಷುವಿಗೆ ‘ಗಣಪೂರಕ’ ಎಂದು ಹೆಸರು. ನಮ್ಮ ಸಂವಿಧಾನದ ಹಿಂದಿ ಪಠ್ಯ ಕೋರಂಗೆ ‘ಗಣಪೂರ್ತಿ’ ಎಂಬ ಪದವನ್ನು ಬಳಸುತ್ತದೆ. ಹೊಸದಾಗಿ ಕಟ್ಟಿದ ಪದ ಹಳೆಯದರ ಮಗ್ಗುಲಲ್ಲೇ ಹೋಗಿ ನಿಂತಿದೆ.

ಮಹಾವಗ್ಗದಲ್ಲಿ ಒಂದು ಕಥೆಯೂ ಇದೆ. ಅವಂತಿಯಲ್ಲಿ ಸೋಣ ಕುಟಿಕಣ್ಣ ಎಂಬ ಗೃಹಸ್ಥ ಭಿಕ್ಷುವಾಗಬೇಕೆಂದು ಬುದ್ಧನ ಶಿಷ್ಯ ಮಹಾಕಚ್ಚಾನರನ್ನು ಕೇಳಿಕೊಂಡ. ಕೊಡೋಣವೆಂದರೆ ಹತ್ತು ಮಂದಿ ಬೇಕಲ್ಲ! ದಕ್ಷಿಣಾಪಥದ ದಾರಿಯ ಆ ಸೀಮೆಯಲ್ಲಿ ಭಿಕ್ಷುಗಳೇ ವಿರಳ. ಅಲ್ಲಿಂದ ಇಬ್ಬರು, ಇಲ್ಲಿಂದ ಒಬ್ಬರು ಎಂದು ಕೂಡಿಸಿಕೊಳ್ಳುವ ಹೊತ್ತಿಗೆ ಮೂರು ವರ್ಷ ಕಳೆಯಿತು. ಕೋರಂ ಇಲ್ಲದೆ ಸಭೆ ಮುಂದೂಡಿದ ದಾಖಲೆಗಳಲ್ಲಿ ಇದೇ ದೊಡ್ಡದಿರಬೇಕು. ಮುಂದೆ ಸೋಣ ಶ್ರಾವಸ್ತಿಗೆ ನಡೆದುಹೋಗಿ ಗುರುವಿನ ಪರವಾಗಿ ಬುದ್ಧನಿಗೆ ಈ ಕಷ್ಟವನ್ನು ಅರಿಕೆ ಮಾಡಿದ. ಗಡಿನಾಡುಗಳಲ್ಲಿ ಹತ್ತರ ಬದಲು ಐವರು ಸಾಕೆಂದು ಬುದ್ಧ ಸಡಿಲಿಸಿದ. ಆದರೆ ಸುಮ್ಮನೆ ಸಡಿಲಿಸಲಿಲ್ಲ. ಆ ಐವರಲ್ಲಿ ಒಬ್ಬ ವಿನಯಧರ ಇರಲೇಬೇಕು, ಅಂದರೆ ಸಂಘದ ನಿಯಮಗಳನ್ನು ಕಂಠಸ್ಥ ಬಲ್ಲವನು.

ಇವರ ಪೈಕಿ ಕಾನೂನು ಬಲ್ಲವನೊಬ್ಬ. ಇಂಗ್ಲೆಂಡಿನ ರಾಜನ ಗುಮಾಸ್ತರು ಬರೆದ ಷರತ್ತೂ ಅದೇ. ಆ ಗುಮಾಸ್ತರಿಗೆ ಈ ಭಿಕ್ಷುಗಳ ಸುದ್ದಿ ಗೊತ್ತಿರುವ ಸಂಭವವೇ ಇಲ್ಲ. ಎರಡು ಕಡೆಯೂ ಒಂದೇ ಕಷ್ಟ: ಜನ ಸಾಲದು, ಇದ್ದವರಿಗೆಲ್ಲ ನಿಯಮ ತಿಳಿಯದು, ಕೆಲಸ ನಿಲ್ಲಕೂಡದು.

ನಮ್ಮ ಸಂವಿಧಾನ ಲೆಕ್ಕದ ದಾರಿಯನ್ನೇ ಹಿಡಿಯಿತು. ಸಂಸತ್ತಿಗೆ 100ನೇ ವಿಧಿ: ಒಟ್ಟು ಸದಸ್ಯರಲ್ಲಿ ಹತ್ತನೆಯ ಒಂದು ಭಾಗ. 543 ಸದಸ್ಯರ ಲೋಕಸಭೆಗೆ 55 ಮಂದಿ. ರಾಜ್ಯಗಳಿಗೆ 189ನೇ ವಿಧಿ: ಹತ್ತು ಮಂದಿ ಅಥವಾ ಹತ್ತನೆಯ ಒಂದು ಭಾಗ, ಯಾವುದು ಹೆಚ್ಚೋ ಅದು. ನಮ್ಮ ವಿಧಾನಸಭೆಯ 224ಕ್ಕೆ 23, ವಿಧಾನ ಪರಿಷತ್ತಿನ 75ಕ್ಕೆ 10. ಅಷ್ಟಿಲ್ಲದಿದ್ದರೆ ಕಲಾಪವನ್ನು ನಿಲ್ಲಿಸುವುದು ಪೀಠದ ಕರ್ತವ್ಯ. ಗಂಟೆ ಮೊಳಗುತ್ತದೆ, ಮೊಗಸಾಲೆಯಲ್ಲಿ ಕಾಫಿ ಹಿಡಿದು ನಿಂತವರು ಒಳಗೆ ಬರುತ್ತಾರೆ, ಎಣಿಕೆ ಮುಗಿದ ಮೇಲೆ ಕೆಲವರು ಬಂದ ದಾರಿಯಲ್ಲೇ ಹಿಂದಿರುಗುತ್ತಾರೆ. ಊಟದ ಹೊತ್ತಿನಲ್ಲಿ ಕೋರಂ ಪ್ರಶ್ನೆ ಎತ್ತಬಾರದೆಂಬ ಒಳ ಒಪ್ಪಂದವೂ ಲೋಕಸಭೆಯಲ್ಲಿ ನಡೆದುಬಂದಿದೆ. ತುರ್ತು ಪರಿಸ್ಥಿತಿಯ ಕಾಲದ 42ನೇ ತಿದ್ದುಪಡಿಯಂತೂ ಈ ಷರತ್ತನ್ನೇ ಸಂವಿಧಾನದಿಂದ ತೆಗೆದುಹಾಕಲು ಹೊರಟಿತ್ತು. ಆ ಭಾಗ ಜಾರಿಗೆ ಬರುವ ಮುಂಚೆಯೇ 1978ರ 44ನೇ ತಿದ್ದುಪಡಿ ಅದನ್ನು ರದ್ದು ಮಾಡಿತು. ಹತ್ತನೆಯ ಒಂದು ಭಾಗ ಬಲು ಕಡಿಮೆ ಎಂದು ನನಗನಿಸುತ್ತದೆ. ಆ ಕಡಿಮೆಯನ್ನೂ ಕಿತ್ತುಹಾಕಲು ಒಮ್ಮೆ ಕೈ ಹಾಕಿದ್ದರಲ್ಲ ಎಂಬುದನ್ನು ನೆನೆದಾಗ ಇಷ್ಟಾದರೂ ಉಳಿಯಿತಲ್ಲ ಎನಿಸುತ್ತದೆ.

ಕಂಪನಿಗಳ ಕಾಯಿದೆ ಇದಕ್ಕಿಂತ ಚುರುಕಾಗಿದೆ. 2013ರ ಕಾಯಿದೆಯ ಪ್ರಕಾರ ಆಡಳಿತ ಮಂಡಳಿಯ ಸಭೆಗೆ ಮೂರನೆಯ ಒಂದು ಭಾಗ ನಿರ್ದೇಶಕರು, ಕನಿಷ್ಠ ಇಬ್ಬರು ಬೇಕು. ಚರ್ಚೆಯಲ್ಲಿರುವ ವ್ಯವಹಾರದಲ್ಲಿ ಸ್ವಂತ ಲಾಭವಿರುವ ನಿರ್ದೇಶಕರನ್ನು ಸಾಮಾನ್ಯವಾಗಿ ಕೋರಂನಲ್ಲಿ ಎಣಿಸುವುದಿಲ್ಲ. ಮಹಾವಗ್ಗದ ನಾಲ್ಕನೆಯ ಭಿಕ್ಷು ಇಲ್ಲಿ ಕೋಟು ಹಾಕಿಕೊಂಡು ಬಂದಿದ್ದಾನೆ.

ಒಬ್ಬನೇ ಬಂದರೆ? ಇದೂ ನಡೆದದ್ದೇ. ಕಾರ್ನ್‌ವಾಲ್ ಸೀಮೆಯ ಗ್ರೇಟ್ ಕ್ಯಾರಡನ್ ಗಣಿಯ ಷೇರುದಾರರ ಸಭೆ ಲಂಡನ್ನಿನಲ್ಲಿ ಕರೆದಿದ್ದರು. ಬಂದ ಷೇರುದಾರ ಒಬ್ಬನೇ. ಕಾರ್ಯದರ್ಶಿ ಇದ್ದ, ಆದರೆ ಅವನು ಷೇರುದಾರನಲ್ಲ. ಬಂದವನು ತಾನೇ ಅಧ್ಯಕ್ಷ ಪೀಠದಲ್ಲಿ ಕೂತ. ಷೇರುದಾರರೆಲ್ಲ ಇನ್ನಷ್ಟು ಹಣ ಕಟ್ಟಬೇಕೆಂದು ತಾನೇ ನಿರ್ಣಯ ಮಾಡಿದ. ಕೊನೆಗೆ ಅಧ್ಯಕ್ಷರಿಗೆ ವಂದನಾರ್ಪಣೆಯ ನಿರ್ಣಯವನ್ನೂ ಮಾಡಿದ! ಬಾರದೆ ಇದ್ದ ಷೇರುದಾರನೊಬ್ಬ ಹಣ ಕಟ್ಟುವುದಿಲ್ಲವೆಂದ. 1876ರಲ್ಲಿ ಮೇಲ್ಮನವಿ ನ್ಯಾಯಾಲಯ, ಸಭೆ ಎಂದರೆ ಒಬ್ಬರಿಗಿಂತ ಹೆಚ್ಚು ಜನ ಕೂಡುವುದು, ಇದು ಸಭೆಯೇ ಅಲ್ಲ ಎಂದು ತೀರ್ಪು ಕೊಟ್ಟಿತು. ವಂದನಾರ್ಪಣೆಯೂ ಅದರೊಂದಿಗೇ ಬಿದ್ದುಹೋಯಿತು.

‘ಯಾರು’ ಎಂಬ ಹಳೆಯ ಪ್ರಶ್ನೆ ನಮ್ಮಲ್ಲಿ ಮತ್ತೆ ಎದ್ದು ಬಂದದ್ದು ದೆಹಲಿಯಲ್ಲಲ್ಲ, ಹಳ್ಳಿಯಲ್ಲಿ. ಕರ್ನಾಟಕದ ಪಂಚಾಯತ್ ರಾಜ್ ಕಾಯಿದೆ ವಾರ್ಡುಸಭೆ, ಗ್ರಾಮಸಭೆಗಳಿಗೆ ಕೋರಂ ಹೇಳುವಾಗ ತಲೆಯೆಣಿಕೆಗೆ ನಿಲ್ಲುವುದಿಲ್ಲ. ಬಂದವರಲ್ಲಿ ನೂರಕ್ಕೆ ಮೂವತ್ತರಷ್ಟು ಹೆಂಗಸರಿರಬೇಕು, ಪರಿಶಿಷ್ಟ ಜಾತಿ ಮತ್ತು ಪಂಗಡದವರು ಊರಿನ ಜನಸಂಖ್ಯೆಯಲ್ಲಿ ತಮಗಿರುವ ಪಾಲಿಗೆ ತಕ್ಕಂತೆ ಇರಬೇಕು ಎನ್ನುತ್ತದೆ. ಇವರ ಪೈಕಿ ಇಂಥವರು ಎಂಬ ಅದೇ ವಾಕ್ಯ. ಅಂದು ಕಾನೂನು ಬಲ್ಲವರಿಗೆ ಮೀಸಲಾಗಿದ್ದ ಜಾಗ ಇಲ್ಲಿ ಕಾನೂನು ಮಾಡುವ ಕಟ್ಟೆಯ ಹತ್ತಿರ ಬರಲು ಬಿಡದಿದ್ದವರಿಗೆ ಸಂದಿದೆ.

ಹಾಗೆಂದು ಇದು ತಾನಾಗಿಯೇ ನಡೆದುಬಿಡುತ್ತದೆಂದು ತಿಳಿಯಬೇಡಿ. ಸಭೆ ಶುರುವಾಗುವ ಹೊತ್ತಿಗೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ ಸುತ್ತ ನೋಡುತ್ತಾರೆ, ಕುರ್ಚಿಗಳಲ್ಲಿ ಬರೀ ಗಂಡಸರು. ಯಾರೋ ಮೋಟಾರು ಬೈಕು ಹತ್ತಿ ಹೋಗುತ್ತಾರೆ. ಅಂಗನವಾಡಿಯವರು, ಆಶಾ ಕಾರ್ಯಕರ್ತೆಯರು, ಸ್ವಸಹಾಯ ಸಂಘದ ಹೆಂಗಸರು ಕೈಕೆಲಸ ಬಿಟ್ಟು ಬಂದು ಹಿಂದಿನ ಸಾಲಿನಲ್ಲಿ ಕೂರುತ್ತಾರೆ. ಹಾಜರಿ ಪುಸ್ತಕ ಅವರ ಮುಂದೆ ಬರುತ್ತದೆ, ಸಹಿ ಆಗುತ್ತದೆ, ಗಣ ಪೂರ್ತಿಯಾಗುತ್ತದೆ. ಕರೆತಂದವರ ಲೆಕ್ಕದಲ್ಲಿ ಅವರ ಕೆಲಸ ಅಲ್ಲಿಗೆ ಮುಗಿಯಿತು. ಆದರೆ ಹೇಗೂ ಬಂದು ಕೂತದ್ದಾಯಿತಲ್ಲ, ಅವರಲ್ಲೊಬ್ಬರು ಎದ್ದು ನಿಂತು ನೀರಿನ ಟ್ಯಾಂಕು ತೊಳೆದು ಎಷ್ಟು ತಿಂಗಳಾಯಿತು ಎಂದು ಕೇಳಿದರೆ, ಅದನ್ನೂ ನಡಾವಳಿ ಪುಸ್ತಕದಲ್ಲಿ ಬರೆದುಕೊಳ್ಳಬೇಕಾಗುತ್ತದೆ.